ಸಾಕು ಅನ್ನುವ ಆಟ

ಎಲ್ಲಿ ನಿಲ್ಲಬೇಕು ಎಂಬುದು ತನಗೆ ಗೊತ್ತಿದೆ ಎಂದು ಬಸಲಿಂಗಪ್ಪ ಬಲವಾಗಿ ನಂಬಿದ್ದ. ಊಟಕ್ಕೆ ಕೂತರೆ ಎರಡನೇ ಹೋಳಿಗೆಗೆ ಕೈ ಅಡ್ಡ ಹಿಡಿಯುತ್ತಿದ್ದ. ಓರಗೆಯ ವ್ಯಾಪಾರಿಗಳು ಒಂದು ಅಂಗಡಿಯನ್ನು ಮೂರು ಮಾಡಲು ಹೋಗಿ ಇದ್ದ ಒಂದನ್ನೂ ಕಳೆದುಕೊಂಡಾಗ, ಅವನು ಸಾಂಗ್ಲಿಯ ಗಣಪತಿ ಪೇಟೆಯ ಅದೇ ಹಳೆಯ ಪಾತ್ರೆ ಅಂಗಡಿಯಲ್ಲಿ, ಅದೇ ಗಾದಿಯ ಮೇಲೆ ಕೂತು, "ನನಗ ಇಷ್ಟ ಸಾಕು" ಅನ್ನುತ್ತಿದ್ದ. ಹಾಗೆ ಅನ್ನುವಾಗ ಮುಖದಲ್ಲಿ ಒಂದು ತೃಪ್ತಿ ಮೂಡುತ್ತಿತ್ತು. ಆ ತೃಪ್ತಿಯೊಂದು ಮಾತ್ರ ಅವನಿಗೆ ಎಷ್ಟಿದ್ದರೂ ಸಾಕಾಗುವುದಿಲ್ಲ ಎಂದು ಹೆಂಡತಿ ಬಾಳವ್ವ ಹೇಳುವುದಿತ್ತು.

ಇಂಥವನಿಗೆ ಹೇಳಿ ಮಾಡಿಸಿದಂಥ ಆಟವೊಂದನ್ನು ಸೊಸೆ ಪ್ರಾಜಕ್ತಾ ಪುಣೆಯ ತವರಿನಿಂದ ತಂದಳು. ತರುವುದಕ್ಕೇನೂ ಇರಲಿಲ್ಲ, ಒಂದೇ ಒಂದು ದಾಳ. ಮಾವನಿಗೂ ಮಾವನ ಗೆಳೆಯರಿಗೂ ಅವಳು ಅದನ್ನು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕಲಿಸಿದಳು.

"ಮಾಮಾ, ದಾಳ ಒಗೀರಿ. ನಾಕ ಬಿತ್ತಾ? ಆ ನಾಕ ನಿಮ್ಮ ಕೈಯಾಗ. ಮತ್ತ ಒಗೀರಿ. ಐದ. ಈಗ ಕೈಯಾಗ ಒಂಬತ್ತ. ಹಿಂಗ ಎಷ್ಟ ಸಲಾ ಬೇಕಾದ್ರೂ ಒಗೀಬಹುದು. ಪಣ್ ಒಂದ ಬಿತ್ತಂದ್ರ ಸಂಪಲಂ! ಕೈಯಾಗಿಂದೆಲ್ಲಾ ಹೋತು, ಪಾಳಿ ಮುಂದಿನವ್ರಿಗೆ."

"ಒಂದ ಬೀಳೂಕಿಂತ ಮೊದಲ ನಾ ಬಿಟ್ಟೆ ಅಂದ್ರ?"

"ಹಂಗ ಬಿಡೂ ಮುಂದ ಸಾಕು ಅನ್ನಬೇಕ್ರಿ. ಸಾಕು ಅಂದ್ರ ಕೈಯಾಗಿಂದು ನಿಮ್ಮ ಲೆಕ್ಕಕ್ಕ ಸೇರಿತು. ಆಮ್ಯಾಲ ಅದನ್ನ ಯಾರೂ ಕಸಗೊಳ್ಳಾಂಗಿಲ್ಲ. ಯಾರು ಮೊದಲ ನೂರ ಮಾಡ್ತಾರು, ಅವ್ರು ಗೆದ್ರು."

ಇಷ್ಟೇ ಆಟ. ನಾಲ್ವರು ಗೆಳೆಯರು ಅದಕ್ಕೆ 'ಸಾಕು' ಎಂದೇ ಹೆಸರಿಟ್ಟು ಪ್ರತಿ ರವಿವಾರ ಮಧ್ಯಾಹ್ನ ಅಂಗಡಿಯ ಅಟ್ಟದ ಮೇಲೆ ಸೇರತೊಡಗಿದರು. ಬೋರಲು ಹಾಕಿದ ದೊಡ್ಡ ಪಾತೇಲಿಯೇ ಮೇಜು. ಲೆಕ್ಕ ಅದರ ಬೆನ್ನ ಮೇಲೆ ಸೀಮೆಸುಣ್ಣದಲ್ಲಿ. ದಾಳ ಒಗೆಯುವುದು ಹಿತ್ತಾಳೆಯ ಅಗಲ ತಟ್ಟೆ, ಪರಾತದೊಳಗೆ. ಕೆಳಗೆ ಕೂತ ಗಿರಾಕಿಗಳಿಗೂ ಅದರ ಠಣಠಣ ಕೇಳುತ್ತಿತ್ತು. ಕೊನೆಗೆ ಉಳಿದವನು ಎಲ್ಲರಿಗೂ ಭಡಂಗ ತರಿಸಬೇಕು. ಸಾಂಗ್ಲಿಯಲ್ಲಿ ಖಾರದ ಚುರುಮುರಿಗಿಂತ ದೊಡ್ಡ ಪಣ ಒಡ್ಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಬಸಲಿಂಗಪ್ಪನದು ಒಂದೇ ನೇಮ. ಕೈಯಲ್ಲಿ ಇಪ್ಪತ್ತು ಆಯಿತೋ, ಸಾಕು. ಪಕ್ಕದ ಕಟ್‌ಪೀಸ್ ಅಂಗಡಿಯ ಸಿದ್ಧೇಶ್ವರನಿಗೆ ಹತ್ತು ದಾಟುವಷ್ಟರಲ್ಲೇ ಹಣೆ ಬೆವರುತ್ತಿತ್ತು. ಸಾಂಗ್ಲಿವಾಡಿಯಿಂದ ಸೇತುವೆ ದಾಟಿ ಬರುತ್ತಿದ್ದ ದಾದಾಸಾಹೇಬ ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತನಾದವನು. ಅವನು ಮೊದಲು ಉಳಿದವರ ಲೆಕ್ಕ ನೋಡಿ, ಆಮೇಲೆ ಅವರ ಮುಖ ನೋಡಿ, ಆಮೇಲಷ್ಟೇ ದಾಳ ಮುಟ್ಟುತ್ತಿದ್ದ. ನಾಲ್ಕನೆಯವನು ಭೂಪಾಲ. ಮಿರಜಿನಲ್ಲಿ ಶಾಲಾ ಮಕ್ಕಳ ಯೂನಿಫಾರ್ಮಿನ ಅಂಗಡಿ ಅವನದು. ಅವನಿಗೆ ಸಾಕು ಎಂಬ ಶಬ್ದವೇ ಬಾಯಿಗೆ ಬರುತ್ತಿರಲಿಲ್ಲ. ಒಂದು ಬೀಳುವ ತನಕ ಒಗೆಯುತ್ತಲೇ ಇರುತ್ತಿದ್ದ. ಬಿದ್ದ ಮೇಲೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಆಟ ಶುರುವಾದಾಗಿನಿಂದ ಅವನು ಗೆದ್ದದ್ದು ಒಂದೇ ಸಲ. ಅದೂ ನಡುವೆ ಹೆಂಡತಿಯ ಫೋನು ಬಂದು ಸಾಕು ಅಂದು ಏಳಬೇಕಾಗಿದ್ದರಿಂದ.

ಈ ಭೂಪಾಲ ಸಾಂಗ್ಲಿ-ಮಿರಜ ಮಹಾನಗರಪಾಲಿಕೆಯ ಚುನಾವಣೆಗೆ ನಿಲ್ಲುತ್ತಾನೆ ಎಂಬ ಸುದ್ದಿ ಗೆಳೆಯರಿಗೆ ಗೊತ್ತಾದದ್ದು ಮಿರಜ ಸ್ಟೇಶನ್ ರಸ್ತೆಯ ಫ್ಲೆಕ್ಸಿನಿಂದ. ಹುಟ್ಟುಹಬ್ಬದ ನೆಪದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಎರಡು ಆಳು ಎತ್ತರಕ್ಕೆ ಭೂಪಾಲ ನಿಂತಿದ್ದ. ತಲೆಯ ಮೇಲೆ 'ಭಾವೀ ನಗರಸೇವಕ', ಅಂದರೆ ನಾಳಿನ ಕಾರ್ಪೊರೇಟರ್, ಎಂದು ಕೇಸರಿ ಅಕ್ಷರ. ಕಾಲ ಬುಡದಲ್ಲಿ ಶುಭೇಚ್ಛುಕರೆಂದು ಮೂವರು ಗೆಳೆಯರ ಫೋಟೋ, ಅವರನ್ನು ಒಂದು ಮಾತೂ ಕೇಳದೆ. ಬಸಲಿಂಗಪ್ಪನದನ್ನು ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದದ್ದರಿಂದ ಅವನ ಭುಜದ ಮೇಲೆ ಯಾರದೋ ಕೈ ಉಳಿದುಬಿಟ್ಟಿತ್ತು.

ಮುಂದಿನ ರವಿವಾರ ಭೂಪಾಲ ಆಟಕ್ಕೆ ಬರಲಿಲ್ಲ. ಟಿಕೆಟ್ಟಿನ ಮಾತಿಗೆಂದು ಪಕ್ಷದ ಸಾಹೇಬರನ್ನು ಕಾಣಲು ಹೋಗಿದ್ದ.

"ಅವಂಗ ನಾಕ ವೋಟ ಬೀಳಾಂಗಿಲ್ಲ," ಅಂದ ಸಿದ್ಧೇಶ್ವರ.

"ಒಂದs ಬೀಳತೈತಿ," ಅಂದ ದಾದಾಸಾಹೇಬ. "ನಾವ ಮೂರೂ ಮಂದಿ ಆ ವಾರ್ಡಿನ್ಯಾಗ ಇಲ್ಲ."

"ನಗಬ್ಯಾಡ್ರಿ. ಯಾರರೆ ಅವಂಗ ಹೇಳಬೇಕು," ಅಂದ ಬಸಲಿಂಗಪ್ಪ. "ಇದು ನಮ್ಮಂಥಾವ್ರ ಕೆಲಸ ಅಲ್ಲ, ಬಿಟ್ಟಬಿಡು ಅಂತ. ದೋಸ್ತರು ನಾವ ಹೇಳಲಿಲ್ಲಂದ್ರ ಯಾರ ಹೇಳ್ಯಾರು?"

ಯಾರಾದರೂ ಹೇಳಬೇಕೆಂಬುದಕ್ಕೆ ಮೂವರ ಒಪ್ಪಿಗೆಯೂ ಇತ್ತು. ಆ ಯಾರಾದರೂ ತಾನಲ್ಲ ಎಂಬುದಕ್ಕೂ. ಸಿದ್ಧೇಶ್ವರನ ಬಟ್ಟೆ ಭೂಪಾಲನ ಅಂಗಡಿಗೆ ಹೋಗುತ್ತಿತ್ತು. ದಾದಾಸಾಹೇಬ, ತನ್ನ ಕನ್ನಡ ಸಿಟ್ಟಿನ ಮಾತಿಗೆ ಹೊಂದುತ್ತದೆಯೇ ಹೊರತು ನಯದ ಮಾತಿಗಲ್ಲ ಅಂದ. ಬಸಲಿಂಗಪ್ಪ ಕಾರಣ ಹುಡುಕುತ್ತಿರುವಾಗಲೇ ದಾದಾಸಾಹೇಬ ದಾಳವನ್ನು ಪರಾತದಲ್ಲಿ ಹಾಕಿ ಕುಲುಕಿದ.

"ಇವತ್ತ ಭಡಂಗ ಬ್ಯಾಡ. ಕಡೀಕ ಉಳದಾವ ಭೂಪಾಲಗ ಹೇಳೂದು."

ಅಂದು ಯಾರೂ ತಮಾಷೆಗೆ ಆಡಲಿಲ್ಲ. ದಾದಾಸಾಹೇಬ ಬೇಗನೆ ನೂರು ಮುಟ್ಟಿ ಗೋಡೆಗೊರಗಿದ. ಆಗ ಬಸಲಿಂಗಪ್ಪನ ಲೆಕ್ಕ ಎಂಬತ್ತೇಳು, ಸಿದ್ಧೇಶ್ವರನದು ಅರವತ್ತೊಂದು. ಇನ್ನು ಚಿಂತೆಯಿಲ್ಲ ಎಂದು ಬಸಲಿಂಗಪ್ಪ ದಾಳ ಒಗೆದ. ಆರು, ಐದು. ಇನ್ನೆರಡು ಬಂದರೆ ಮುಗಿಯಿತು. ಮತ್ತೆ ಒಗೆದ. ಒಂದು ಬಿತ್ತು. ಕೈಯಲ್ಲಿದ್ದ ಹನ್ನೊಂದೂ ಹೋಯಿತು.

ಸಿದ್ಧೇಶ್ವರ ಬೆವರೊರೆಸಿಕೊಂಡು ಹದಿನಾರು ಮಾಡಿ, ಸಾಕು ಅಂದು ಎಪ್ಪತ್ತೇಳಕ್ಕೆ ಬಂದ.

ಮತ್ತೆ ಬಸಲಿಂಗಪ್ಪನ ಪಾಳಿ. ಐದು, ನಾಲ್ಕು. ಈಗ ತೊಂಬತ್ತಾರು, ಇನ್ನು ನಾಲ್ಕೇ ನಾಲ್ಕು ಬೇಕು. ನೇಮದ ಪ್ರಕಾರ ಅವನು ಒಗೆಯಬೇಕಿತ್ತು. ಆದರೆ ಹಿಂದಿನ ಸಲದ ಒಂದು ಇನ್ನೂ ಕಣ್ಣ ಮುಂದೆಯೇ ಇತ್ತು. ಎದುರಿನವನಿಗೋ ಇನ್ನೂ ಇಪ್ಪತ್ತಮೂರು ಬೇಕು. ಅವನ ಹಣೆ ಈಗಲೇ ಬೆವರುತ್ತಿದೆ.

"ಸಾಕು," ಅಂದ ಬಸಲಿಂಗಪ್ಪ.

"ಏ, ನಾಕs ನಾಕ ಬೇಕಾಗಿತ್ತಲ್ಲೋ!" ಅಂದ ದಾದಾಸಾಹೇಬ.

ಸಿದ್ಧೇಶ್ವರನಿಗೆ ನಾಲ್ಕು ಬಿತ್ತು, ಆರು ಬಿತ್ತು, ಮೂರು ಬಿತ್ತು, ಐದು ಬಿತ್ತು. ಹದಿನೆಂಟಕ್ಕೆ ಅವನು ದಾಳ ಕೆಳಗಿಟ್ಟು ಇಬ್ಬರ ಮುಖವನ್ನೂ ನೋಡಿದ. "ಒಗಿ, ಮರ್ದ ಆಗು," ಅಂದ ದಾದಾಸಾಹೇಬ. ಸಿದ್ಧೇಶ್ವರ ಕಣ್ಣು ಮುಚ್ಚಿ ಒಗೆದ. ಪರಾತದಲ್ಲಿ ದಾಳ ಸುತ್ತು ಹೊಡೆದು ಆರಕ್ಕೆ ನಿಂತಿತು.

ಜೀವಮಾನದಲ್ಲಿ ಮೊದಲ ಸಲ ಇಪ್ಪತ್ತು ದಾಟಿದ ಸಂತೋಷಕ್ಕೆ ಸಿದ್ಧೇಶ್ವರ ತಾನೇ ಎಲ್ಲರಿಗೂ ಭಡಂಗ ತರಿಸಿದ. ಬಸಲಿಂಗಪ್ಪ ತಿನ್ನಲಿಲ್ಲ. ಭೂಪಾಲನಿಗೆ ಹೇಳಬೇಕಾಯಿತಲ್ಲ ಎಂಬ ಚಿಂತೆಗಿಂತ, ನಾಲ್ಕಕ್ಕೆ ಹೆದರಿ ನಿಂತೆನಲ್ಲ ಎಂಬುದು ಅವನನ್ನು ಹೆಚ್ಚು ಕೊರೆಯುತ್ತಿತ್ತು.

ಮರುದಿನ ಅವನು ಮಿರಜಿನ ಬಸ್ಸು ಹತ್ತಿದ. ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಿದ್ದಿದ. ನಮ್ಮ ವಯಸ್ಸು ನೋಡು ಅನ್ನಬೇಕು. ಇದು ನಮ್ಮ ಕೆಲಸವಲ್ಲ ಅನ್ನಬೇಕು. ಕೊನೆಗೆ, ಮಂದಿ ನಗುತ್ತಾರೆ ಅನ್ನಬೇಕು. ಆದರೆ ಅದನ್ನು ಭುಜದ ಮೇಲೆ ಕೈಯಿಟ್ಟು ಅನ್ನಬೇಕು.

ಶಾಲೆ ಶುರುವಾಗಿ ತಿಂಗಳುಗಳಾಗಿದ್ದವು. ಭೂಪಾಲನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಗೆಳೆಯನನ್ನು ಕಂಡದ್ದೇ ಅವನು ಚಡ್ಡಿಗಳ ಗಂಟು ಸರಿಸಿ ಜಾಗ ಮಾಡಿದ.

"ಬಾ ಬಸಣ್ಣ, ನಾನs ನಿನ್ನ ಕಡೆ ಬರಾವಿದ್ದೆ. ಕುಂದರು. ಒಂದ ಮಾತ ಹೇಳೂದೈತಿ."

"ನನಗೂ ಒಂದ ಮಾತ ಹೇಳೂದೈತಿ."

"ಮೊದಲ ನಂದು ಕೇಳು. ನಾ ನಿಲ್ಲಾಂಗಿಲ್ಲ."

ಬಸಲಿಂಗಪ್ಪನ ಬಾಯಿಯಲ್ಲಿ ಸಿದ್ಧವಾಗಿ ಕೂತಿದ್ದ ಮಾತು ಅಲ್ಲೇ ಕೂತಿತು.

"ಸಾಹೇಬ್ರು ನನ್ನ ಫ್ಲೆಕ್ಸ ನೋಡಿದ್ರಂತ," ಅಂದ ಭೂಪಾಲ, ನಗುತ್ತಲೇ. "ಕನ್ನಡಕ ಛೊಲೊ ಐತಿ ಅಂದ್ರು. ಮುಂದ ಏನೂ ಅನ್ನಲಿಲ್ಲ. ನನಗ ತಿಳೀತು. ಆದ್ರ ಸಾಂಗ್ಲಿ ಪೇಟಿ ವಾರ್ಡಿಗೆ ಅವ್ರಿಗೆ ಒಬ್ಬ ಮನಿಶ್ಯಾ ಬೇಕಾಗ್ಯಾನ. ಹೆಸರ ಸ್ವಚ್ಛ ಇರಬೇಕು, ವ್ಯಾಪಾರಸ್ಥ ಇರಬೇಕು, ನಮ್ಮ ಕನ್ನಡ ಮಂದಿ ಮಾತ ಕೇಳಬೇಕು. ನಾ ನಿನ್ನ ಹೆಸರ ಹೇಳಿ ಬಂದೇನಿ."

"ನಂದಾ? ಹುಚ್ಚ ಹಿಡಿದೈತೇನೋ ನಿನಗ? ನಮ್ಮ ವಯಸ್ಸ ನೋಡು."

"ವಯಸ್ಸ ಆದಾವ್ರ ಮ್ಯಾಲೇ ಮಂದಿ ವಿಶ್ವಾಸ ಇಡತಾರ."

"ಇದು ನಮ್ಮ ಕೆಲಸ ಅಲ್ಲೋ."

"ಕೆಲಸ ಮಾಡಾವ್ರು ನಿಲ್ಲಲಿಲ್ಲಂತ ಗಟಾರ ಹಂಗs ತುಂಬಿ ಹರ್ಯಾಕತ್ತಾವು."

"ಮಂದಿ ನಗತಾರ."

"ನನ್ನ ನೋಡಿ ನಗತಾರ, ಖರೆ. ನಿನ್ನ ನೋಡಿ ಯಾಕ ನಗತಾರ ಬಸಣ್ಣ?"

ದಾರಿಯಲ್ಲಿ ಅಷ್ಟು ತಿದ್ದಿ ತಂದಿದ್ದ ಮೂರೂ ಮಾತು ಮುಗಿದುಹೋದವು. ನಿಜ ಹೇಳಬೇಕೆಂದರೆ, ಭೂಪಾಲನ ಈ ಕೊನೆಯ ಪ್ರಶ್ನೆ ಬಸಲಿಂಗಪ್ಪನಿಗೆ ಹಿತವಾಗಿಯೇ ಇತ್ತು. ಬ್ಯಾಡ, ಬ್ಯಾಡ ಎಂದು ಎರಡು ಸಲ ಅಂದ. ಎರಡನೆಯದು ಚಹಾ ಬೇಕೇ ಎಂದು ಭೂಪಾಲ ಕೇಳಿದ್ದಕ್ಕೋ ಚುನಾವಣೆಗೋ ಸ್ಪಷ್ಟವಾಗಲಿಲ್ಲ.

"ಬರೇ ಸಾಹೇಬ್ರನ್ನ ಒಮ್ಮೆ ಭೆಟ್ಟಿ ಆಗು. ಅಷ್ಟs. ಸೇರಲಿಲ್ಲಂದ್ರ ಬಿಟ್ಟಬಿಡು," ಅಂದ ಭೂಪಾಲ.

ತಿರುಗಿ ಬರುವಾಗ ಬಸ್ಸಿನ ಕಿಟಕಿಯಿಂದ ಬಸಲಿಂಗಪ್ಪ ವಿದ್ಯುತ್ ಕಂಬಗಳನ್ನು ನೋಡುತ್ತಿದ್ದ. ಸಾಂಗ್ಲಿಗೂ ಮಿರಜಿಗೂ ನಡುವೆ ಫ್ಲೆಕ್ಸು ಕಟ್ಟದ ಇಷ್ಟೊಂದು ಖಾಲಿ ಕಂಬಗಳಿವೆ ಎಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ರವಿವಾರ ಗೆಳೆಯರು ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ. "ಹೋಗಿದ್ದೆ. ಭೂಪಾಲ ನಿಲ್ಲಾಂಗಿಲ್ಲ," ಅಂದ. ಇಬ್ಬರೂ ಅವನ ಬೆನ್ನು ತಟ್ಟಿದರು. ಅಷ್ಟು ನಾಜೂಕಿನ ಮಾತನ್ನು ಅಷ್ಟು ಚೆನ್ನಾಗಿ ಮುಗಿಸಿ ಬರುವುದು ಬಸಣ್ಣನಿಗೊಬ್ಬನಿಗೇ ಸಾಧ್ಯ ಅಂದ ಸಿದ್ಧೇಶ್ವರ. ಭೂಪಾಲನೂ ಅಲ್ಲೇ ಕೂತು ದಾಳ ಉಜ್ಜುತ್ತಿದ್ದ. ಅವನು ತಲೆ ತಗ್ಗಿಸಿ ಮುಗುಳ್ನಕ್ಕ. ಅಂದಿನ ಆಟದಲ್ಲಿ ಬಸಲಿಂಗಪ್ಪನ ಕೈಯಲ್ಲಿ ಇಪ್ಪತ್ತಾಯಿತು, ಇಪ್ಪತ್ತಾರಾಯಿತು. ಅವನು ನಿಲ್ಲಲಿಲ್ಲ. ಮೂವತ್ತರ ಮೇಲೆ ಒಂದು ಬಿತ್ತು. ನಾಲ್ವರಲ್ಲಿ ಕೊನೆಯವನಾಗಿ ಉಳಿದು ಭಡಂಗಕ್ಕೆ ಹೇಳಿ ಕಳಿಸುವಾಗಲೂ ಅವನ ಮುಖ ಅರಳಿಯೇ ಇತ್ತು. ದಾದಾಸಾಹೇಬ ಮಾತ್ರ, ಲೆಕ್ಕ ನೋಡಿ, ಆಮೇಲೆ ಮುಖ ನೋಡಿ, ಏನೋ ಅನುಮಾನಪಟ್ಟ.

ಸಾಹೇಬರ ಭೇಟಿ ಆಯಿತು. ಅವರು ಹೆಸರು ಕೇಳಿದರು, ಅಂಗಡಿ ಎಲ್ಲಿ ಎಂದು ಕೇಳಿದರು, "ಬಘೂಯಾ" ಅಂದರು. ನೋಡೋಣ ಅನ್ನುವ ಆ ಒಂದು ಶಬ್ದದ ಅರ್ಥವನ್ನು ಹೊರಗೆ ಬಂದ ಮೇಲೆ ಭೂಪಾಲ ಬಹಳ ಹೊತ್ತು ಬಿಡಿಸಿ ಹೇಳಿದ. ಸಾಹೇಬರು ಒಲ್ಲದವರಿಗೆ ಬಘೂಯಾ ಅನ್ನುವುದೇ ಇಲ್ಲವಂತೆ. ಅವರಿಗೆ ಚಹಾ ಕೊಟ್ಟು ಕಳಿಸಿಬಿಡುತ್ತಾರಂತೆ. ಇವರಿಗೆ ಚಹಾ ಕೊಟ್ಟಿರಲಿಲ್ಲ.

ಮನೆಯಲ್ಲಿ ಬಸಲಿಂಗಪ್ಪ ಬಾಳವ್ವನ ಮುಂದೆ ನಿಂತು ಮಗನ ಲಗ್ನದ ಫೋಟೋಗಳ ಗಂಟು ಕೇಳಿದ.

"ಎದಕ್ಕ?"

"ಒಂದ ಛೊಲೊ ಫೋಟೊ ಬೇಕಾಗಿತ್ತು. ನಾ ಒಬ್ಬನs ಇದ್ದದ್ದು."

ಬಾಳವ್ವ ಸೊಸೆಯ ಮುಖ ನೋಡಿದಳು. ಪ್ರಾಜಕ್ತಾ ಮಾವನ ಮುಖ ನೋಡಿದಳು. ವಿಷಯ ಹೊರಬೀಳಲು ಬಹಳ ಹೊತ್ತಾಗಲಿಲ್ಲ.

"ಮಂದಿ ಮನಿ ಬಾಗಲಾ ಬಡದು ವೋಟ ಕೇಳಾವ್ರು ನೀವ?" ಅಂದಳು ಬಾಳವ್ವ. "ಉಧಾರಿ ಬಾಕಿ ಕೇಳಾಕ ಸುದ್ಧಾ ನನ್ನ ಕಳಸ್ತೀರಿ."

"ಸೇವಾ ಮಾಡೂದೈತಿ, ಭಿಕ್ಷಾ ಬೇಡೂದಲ್ಲ."

"ಮಾಮಾ," ಅಂದಳು ಪ್ರಾಜಕ್ತಾ, ಮೆಲ್ಲಗೆ, "ಎಷ್ಟಕ್ಕ ಥಾಂಬಣಾರ? ಎಲ್ಲಿ ನಿಲ್ಲಿಸ್ತೀರಿ ಅಂತ ಮೊದಲs ಠರವಿರಿ, ಗಟ್ಟಿ ಮಾಡ್ಕೋರಿ. ಆಮ್ಯಾಲ ಜಮಾಂಗಿಲ್ಲ."

"ಟಿಕೆಟ್ ಸಿಗಲಿಲ್ಲಂದ್ರ ಅಲ್ಲೇ ಬಿಟ್ಟೆ. ಅಷ್ಟ ತಿಳೀದಾವ ಅಲ್ಲ ನಾ," ಅಂದ ಬಸಲಿಂಗಪ್ಪ. ಆ ಕ್ಷಣದಲ್ಲಿ ಅದನ್ನು ಅವನು ಪ್ರಾಮಾಣಿಕವಾಗಿಯೇ ಹೇಳಿದ್ದ.

ಫ್ಲೆಕ್ಸು ಪೇಟೆಯ ಮೂಲೆಯಲ್ಲಿ ಬೆಳಿಗ್ಗೆಯೇ ಏರಿತು. ಕಪ್ಪು ಕನ್ನಡಕ ಬೇಡ ಎಂದು ಬಸಲಿಂಗಪ್ಪ ಹಟ ಹಿಡಿದಿದ್ದ. ಹಣೆಯ ವಿಭೂತಿ ಢಾಳಾಗಿ ಕಾಣಬೇಕು ಎಂದು ಭೂಪಾಲ ಹಟ ಹಿಡಿದಿದ್ದ. ಸಿದ್ಧೇಶ್ವರ ಅಂಗಡಿಯ ಬಾಗಿಲು ತೆರೆಯಲು ಬಂದವನು ಕೀಲಿಕೈ ಹಿಡಿದು ಅದರ ಕೆಳಗೆ ನಿಂತುಬಿಟ್ಟ. ಶುಭೇಚ್ಛುಕರ ಸಾಲಿನಲ್ಲಿ ಅವನ ಫೋಟೋವೂ ಇತ್ತು. ಕೇಳುವುದಕ್ಕೆ ಈ ಸಲವೂ ಯಾರಿಗೂ ನೆನಪಾಗಿರಲಿಲ್ಲ.

"ನೀ ಅವಂಗ ಬ್ಯಾಡಂತ ಹೇಳಾಕ ಹೋಗಿದ್ದಿ," ಅಂದ ಅವನು, ಗಾದಿಯ ಹತ್ತಿರ ಬಂದು. "ಅವನ ಜಾಗಾ ಹಿಡಿಯಾಕಲ್ಲ."

"ಸಿದ್ಧಣ್ಣ, ಅದರ ಹಿಂದ ಭಾಳ ಐತಿ. ಕುಂದರು, ಹೇಳ್ತೇನಿ."

ಸಿದ್ಧೇಶ್ವರ ಕೂರಲಿಲ್ಲ. ದಾದಾಸಾಹೇಬ ಫೋನಿನಲ್ಲಿ ಒಂದೇ ಮಾತು ಕೇಳಿದ: "ನಮ್ಮ ಮುಂದ ಹೇಳಾಕ ಏನಾಗಿತ್ತೋ?" ಈ ಪ್ರಶ್ನೆ ಬಸಲಿಂಗಪ್ಪನಿಗೆ ಹಿತವಾಗಿರಲಿಲ್ಲ. ಅಟ್ಟದ ಮೇಲೆ ರವಿವಾರದ ಆಟ ನಿಂತಿತು.

ಟಿಕೆಟ್ಟು ಸಾಹೇಬರ ಅಣ್ಣನ ಮಗ ಭೂಷಣನಿಗೆ ಹೋಯಿತು. ಆ ಸಂಜೆ ಮನೆಯಲ್ಲಿ ಎಲ್ಲರಿಗೂ ಒಂದು ಬಗೆಯ ನಿರಾಳ. ಬಾಳವ್ವ ಹೆಸರುಬೇಳೆ ಪಾಯಸ ಮಾಡಿದಳು. ಬಸಲಿಂಗಪ್ಪ ಎರಡನೇ ಸಲಕ್ಕೆ ಕೈ ಅಡ್ಡ ಹಿಡಿಯಲಿಲ್ಲ, ಸುಮ್ಮನೆ ಉಂಡ. ಪಾಯಸ ತಿನ್ನುತ್ತಲೇ ಅವನಿಗೆ ಅನ್ನಿಸಿತು: ಇಷ್ಟು ದೂರ ಬಂದಾಗಿದೆ. ಪೇಟೆಯಲ್ಲಿ ಹೋಗುವಾಗ ಜನ ಎದ್ದು ನಮಸ್ಕಾರ ಮಾಡುತ್ತಿದ್ದಾರೆ. ತರಕಾರಿಯವಳು, 'ಕಾಕಾ, ನೀವs ಆರಿಸಿ ಬರ್ರಿ' ಅಂದಿದ್ದಾಳೆ. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಮುಟ್ಟುವಂಥದ್ದಕ್ಕೆ ಹೆದರಿ ನಿಂತು ತಾನು ಒಮ್ಮೆ ಸೋತಿಲ್ಲವೇ?

ಮರುದಿನ ಅವನು ಪಕ್ಷೇತರನಾಗಿ ಅರ್ಜಿ ಹಾಕಿದ. ಸೂಚಕನಾಗಿ ಪಕ್ಕದ ಔಷಧದಂಗಡಿಯವನು ಸಹಿ ಹಾಕಿದ. ಸಿದ್ಧೇಶ್ವರನನ್ನು ಕೇಳಲು ಬಸಲಿಂಗಪ್ಪನಿಗೆ ಧೈರ್ಯವಾಗಲಿಲ್ಲ.

ಅರ್ಜಿ ಹಿಂತೆಗೆಯುವ ಕೊನೆಯ ದಿನ ಭೂಷಣನೇ ಅಂಗಡಿಗೆ ಬಂದು ಕಾಲು ಮುಟ್ಟಿದ. ಮರಾಠಿಯಲ್ಲಿ ಬಹಳ ನಯವಾಗಿ ಮಾತಾಡಿದ. ಕಾಕಾ ಹಿಂದೆ ಸರಿದರೆ ಮುಂದೆ ಮಾರುಕಟ್ಟೆ ಸುಧಾರಣೆಯ ಸಮಿತಿಯಲ್ಲಿ ಕಾಕಾನೇ ಅಧ್ಯಕ್ಷ, ಸಾಹೇಬರ ಮಾತು ಅಂದ. ಗಾದಿಯ ಹಿಂದಿನ ಬಾಗಿಲಲ್ಲಿ ಬಾಳವ್ವ ನಿಂತಿದ್ದಳು. ಒಪ್ಪಿಕೊಳ್ಳಿ ಎಂದು ಕಣ್ಣಿನಲ್ಲೇ ಹೇಳುತ್ತಿದ್ದಳು. ಪಾತ್ರೆ ವ್ಯಾಪಾರಿಯೊಬ್ಬನಿಗೆ ಅದಕ್ಕಿಂತ ದೊಡ್ಡ ಮಾನ ಬೇರೆ ಬೇಕಿರಲಿಲ್ಲ. ಬೇರೆಯವನ ವಿಷಯವಾಗಿದ್ದರೆ, ತಗೊಂಡು ಏಳು ಮಾರಾಯಾ ಎಂದು ಬಸಲಿಂಗಪ್ಪನೇ ಬುದ್ಧಿ ಹೇಳುತ್ತಿದ್ದ. ಆದರೆ ಅವನಿಗೆ ಕಂಡದ್ದು ಒಂದೇ: ಇಷ್ಟು ದೊಡ್ಡವರು ತನ್ನ ಕಾಲಿಗೆ ಬಿದ್ದಿದ್ದಾರೆಂದರೆ ತಾನು ಗೆಲ್ಲುವುದು ಖಚಿತ.

"ನಾಹೀ ಬಾಳಾ," ಅಂದ, ಮಗನಿಗೆ ಹೇಳಿದ ಹಾಗೆ. "ಜನರಿಗೆ ಮಾತ ಕೊಟ್ಟೇನಿ."

ಯಾವ ಜನರಿಗೆ ಎಂದು ಬಾಳವ್ವ ಆಮೇಲೆ ಕೇಳಿದಳು. ಅವನು ಕಿಟಕಿಯ ಕಡೆಗೆ ಕೈ ತೋರಿಸಿದ. ಹೊರಗೆ ಆ ಹೊತ್ತಿನಲ್ಲಿ ಒಂದು ಆಕಳು ಮಾತ್ರ ನಿಂತಿತ್ತು.

ಚುನಾವಣಾ ಗುರುತಿನ ಹಂಚಿಕೆಯ ದಿನ ಬಸಲಿಂಗಪ್ಪ ಕುಕ್ಕರು ಕೇಳಿದ. ಪಾತ್ರೆ ಅಂಗಡಿಯವನಿಗೆ ಕುಕ್ಕರಿಗಿಂತ ಒಪ್ಪುವ ಗುರುತು ಯಾವುದಿದೆ? ಆದರೆ ಅದನ್ನೇ ಇನ್ನೊಬ್ಬ ಪಕ್ಷೇತರನೂ ಕೇಳಿದ್ದ. ಸಂಘರ್ಷ ಎಂಬ ಹುಡುಗ. ಮೊನ್ನೆ ಮೊನ್ನೆ ಕಾಲೇಜು ಮುಗಿಸಿ ಗಟಾರದ ಬಗ್ಗೆ ಮೊಬೈಲಿನಲ್ಲಿ ವಿಡಿಯೋ ಹಾಕುತ್ತಿದ್ದವನು. ಚೀಟಿ ಎತ್ತಿದರು. ಕುಕ್ಕರು ಸಂಘರ್ಷನಿಗೆ ಹೋಯಿತು. ಬಸಲಿಂಗಪ್ಪನಿಗೆ ಹಲ್ಲುಜ್ಜುವ ಬ್ರಶ್ ಬಂತು.

"ಛೊಲೊs ಆತು," ಅಂದ ಭೂಪಾಲ. "ಮುಂಜಾನೆ ಎದ್ದಕೂಡ್ಲೆ ಎಲ್ಲಾರೂ ನಿನ್ನನ್ನ ನೆನಸ್ತಾರ."

ಮುಂದಿನ ದಿನಗಳಲ್ಲಿ ಭೂಪಾಲ ದುಡಿದ ಹಾಗೆ ಸ್ವಂತ ಅಣ್ಣನೂ ದುಡಿಯುವುದಿಲ್ಲ. ಮುಂದೆ ರಿಕ್ಷಾದಲ್ಲಿ ಹೆಸರು ಕೂಗುವ ಭೋಂಗಾ, ಹಿಂದೆ ಬಸಲಿಂಗಪ್ಪ ಕೈ ಮುಗಿದುಕೊಂಡು. ಸೊಸೆ ಒಂದು ದಿನ ಬಂದಳು, ಹೆಂಡತಿ ಬರಲಿಲ್ಲ. ಮನೆ ಮನೆಯಲ್ಲೂ ಹಣೆಗೆ ಕುಂಕುಮ ಹಚ್ಚಿ, "ನಿಮ್ಮನ್ನ ಗೊತ್ತಿಲ್ಲೇನ್ರಿ? ನಮ್ಮ ಮನಿ ಭಾಂಡೆ ಎಲ್ಲಾ ನಿಮ್ಮ ಅಂಗಡೀವs," ಅನ್ನುತ್ತಿದ್ದರು. ಬಸಲಿಂಗಪ್ಪನ ಕಣ್ಣು ತುಂಬುತ್ತಿತ್ತು. ಇಷ್ಟು ವರ್ಷ ಗಾದಿಯ ಮೇಲೆ ಕೂತು ಇಷ್ಟ ಸಾಕು ಎಂದದ್ದು ಎಷ್ಟು ದೊಡ್ಡ ತಪ್ಪು ಎಂದು ಅವನಿಗೆ ಅನ್ನಿಸಿತು.

ಫಲಿತಾಂಶದ ದಿನ ಮಧ್ಯಾಹ್ನದೊಳಗೆ ಎಲ್ಲಾ ಮುಗಿಯಿತು. ಭೂಷಣ ಗೆದ್ದ. ಕುಕ್ಕರಿನ ಸಂಘರ್ಷ ಅವನ ಬೆನ್ನಿಗೇ ಬಂದಿದ್ದ. ಎಲ್ಲರಿಗೂ ಆಶ್ಚರ್ಯ, ಎಲ್ಲರಿಗಿಂತ ಹೆಚ್ಚು ಸಂಘರ್ಷನಿಗೆ. ಬ್ರಶ್ ಎಲ್ಲಿದೆ ಎಂದು ಹುಡುಕಲು ಭೂಪಾಲ ಪಟ್ಟಿಯ ಕೊನೆಯಿಂದ ಓದಬೇಕಾಯಿತು. ಡಿಪಾಜಿಟ್ಟೂ ಉಳಿದಿರಲಿಲ್ಲ.

ಬಸಲಿಂಗಪ್ಪ ಎಣಿಕೆ ಕೇಂದ್ರದಿಂದ ನಡೆದೇ ಮನೆಗೆ ಬಂದ. ಬಾಳವ್ವ ಕಾಲಿಗೆ ನೀರು ಕೊಟ್ಟಳು, ಏನೂ ಕೇಳಲಿಲ್ಲ. ಅದುವರೆಗೆ ಅವಳಾಡಿದ ಚುಚ್ಚುಮಾತುಗಳಲ್ಲಿ ಯಾವುದಾದರೂ ಒಂದನ್ನು ಈಗಲೂ ಆಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಅಂಗಡಿ ತೆರೆದದ್ದೇ ಓಣಿಯ ಹಿರಿಯ ಹೆಂಗಸೊಬ್ಬಳು ಬಂದು ಕಟ್ಟೆಯ ಮೇಲೆ ಕೂತಳು.

"ಭಾಳ ಕೆಟ್ಟ ಆತರಿ ಅಣ್ಣಾರ. ನಾವರೆ ಮನೀ ಮಂದಿಯೆಲ್ಲಾ ನಿಮಗs ಹಾಕಿದ್ವಿ. ನಮ್ಮ ಚಾಳಿನಾವ್ರೂ ನಿಮಗs ಹಾಕ್ಯಾರ, ನಾ ಆಣಿ ಮಾಡಿ ಹೇಳ್ತೇನಿ."

"ನಿಮ್ಮ ಪ್ರೀತಿ ಇರಲಿ ತಾಯಿ."

"ಮಷೀನಿನ್ಯಾಗ ಓದಾಕ ಬರದಿದ್ರ ಏನಾತು? ಚಿತ್ರ ಕಾಣತೈತಲ್ಲ. ಭಾಂಡೆ ಅಂಗಡಿ ಅಣ್ಣಾರ್ದು ಅಂತ ಕುಕ್ಕರ ಹುಡುಕಿ ಹುಡುಕಿ ಒತ್ತೀವಿ."

ಬಸಲಿಂಗಪ್ಪ ಅಂಗಡಿಯಲ್ಲಿ ಸಾಲಾಗಿಟ್ಟಿದ್ದ ಕುಕ್ಕರುಗಳ ಕಡೆ ನೋಡಿದ. ಬಾಯಿಯ ತನಕ ಏನೋ ಬಂತು. ನುಂಗಿಕೊಂಡು, "ನಿಮ್ಮ ಉಪಕಾರ ಮರೆಯಾಂಗಿಲ್ಲ," ಅಂದ. ಒಳಗೆ ಲೋಟಗಳನ್ನು ಒರೆಸುತ್ತಿದ್ದ ಪ್ರಾಜಕ್ತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆ ಹೊತ್ತಿಗೆ ಬಾಳವ್ವನಿಗೂ ತಡೆಯಲಾಗಲಿಲ್ಲ. ಆ ಹೆಂಗಸು ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ನಕ್ಕ ನಗು ಪಕ್ಕದ ಅಂಗಡಿಗೂ ಕೇಳಿಸಿತು. ಏನಾಯಿತೆಂದು ನೋಡಲು ಸಿದ್ಧೇಶ್ವರ ಬಂದ. ಫ್ಲೆಕ್ಸು ಏರಿದ ದಿನದಿಂದ ಅವನು ಆ ಹೊಸ್ತಿಲು ತುಳಿದಿರಲಿಲ್ಲ. ವಿಷಯ ಕೇಳಿ ಅವನು ಮೊದಲು ಮುಖ ಗಂಟಿಕ್ಕಿಕೊಳ್ಳಲು ನೋಡಿದ, ಆಗಲಿಲ್ಲ.

"ನಾ ಬ್ರಶ್ಶಿಗೇ ಹಾಕೀನಿ ಮತ್ತ," ಅಂದ ನಕ್ಕು ಕಣ್ಣೊರೆಸಿಕೊಳ್ಳುತ್ತ. "ಸಿಟ್ಟ ಇತ್ತು, ಆದ್ರೂ ಹಾಕೀನಿ."

"ನೀ ಹಾಕಿದ್ದು ಗೊತ್ತಾತು," ಅಂದ ಬಸಲಿಂಗಪ್ಪ. "ನಮ್ಮ ಮನ್ಯಾಗಿನ ವೋಟ ಎಣಿಸಿದ ಮ್ಯಾಲ ಒಂದ ಜಾಸ್ತಿ ಇತ್ತು."

ಮುಂದಿನ ರವಿವಾರ ದಾದಾಸಾಹೇಬ ಎಲ್ಲರನ್ನೂ ಸಾಂಗ್ಲಿವಾಡಿಯ ತನ್ನ ಹೊಲಕ್ಕೆ ಸೀತನಿ ತಿನ್ನಲು ಕರೆದ. ಎಳೆಯ ಜೋಳದ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಶೇಂಗಾ ಚಟ್ನಿಯ ಜೊತೆ ಮುಂದಿಟ್ಟ. ಚುನಾವಣೆಯ ಹೆಸರು ಯಾರೂ ಎತ್ತಲಿಲ್ಲ. ತಿಂದಾದ ಮೇಲೆ ಸಿದ್ಧೇಶ್ವರ ಜೇಬಿನಿಂದ ದಾಳ ತೆಗೆದ. ಪರಾತವಿರಲಿಲ್ಲವಾದ್ದರಿಂದ ಗೋಣಿಚೀಲದ ಮೇಲೆ ಒಗೆದರು. ಸದ್ದಿಲ್ಲದ ಆಟ ಸಪ್ಪೆಯೆನಿಸಿತು. ಭೂಪಾಲ ಹೊಗೆಗೆ ಕಣ್ಣು ಕಿವುಚಿಕೊಂಡು, ಎಂದಿನಂತೆ ನಿಲ್ಲದೆ, ಹಿಂದೆ ಮುಂದೆ ನೋಡದೆ ಒಗೆದ. ಒಂದು ಬೀಳಲೇ ಇಲ್ಲ. ಒಂದೇ ಪಾಳಿಯಲ್ಲಿ ಉಳಿದವರನ್ನೆಲ್ಲ ಹಿಂದೆ ಹಾಕಿ ಗೆದ್ದುಬಿಟ್ಟ.

"ಹಿಂಗ ಆಡಬೇಕ ನೋಡ್ರಿ," ಅಂದ, ದೊಡ್ಡ ರಹಸ್ಯ ಬಿಟ್ಟುಕೊಟ್ಟವನಂತೆ.

ಬಸಲಿಂಗಪ್ಪನಿಗೆ ರೇಗಿತು. ತನ್ನನ್ನು ಊರ ಮುಂದೆ ಕೈ ಮುಗಿಸಿ ತಿರುಗಿಸಿದವನು ಇವನು. ಕಪ್ಪು ಕನ್ನಡಕ ತೆಗೆದಿಟ್ಟು ಹಾಯಾಗಿ ಉಳಿದವನೂ ಇವನೇ. ಆದರೆ ಇವನು ಬರೇ ಹೇಳಿದ್ದ. ಹೌದು ಅಂದವನು ತಾನೇ. ಅದೂ ನೆನಪಾಗಿ ರೇಗಿದ್ದು ಅರ್ಧಕ್ಕೆ ಇಳಿಯಿತು. ಉಳಿದ ಅರ್ಧವನ್ನು ಸೀತನಿಯ ಕೊನೆಯ ಹಿಡಿಯ ಜೊತೆ ಅಗಿದು ನುಂಗಿದ.

ಹೊತ್ತು ಇಳಿಯುವ ವೇಳೆಗೆ ಭೂಪಾಲ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸಾಂಗ್ಲಿಯ ಕಡೆ ಹೊರಟ. ಪೇಟೆಯ ಕೆಲಸ ಮುಗಿಸಿ ಸಾಂಗ್ಲಿವಾಡಿಗೆ ಮರಳುವವರಿಂದ ಕೃಷ್ಣೆಯ ಸೇತುವೆ ತುಂಬಿತ್ತು. ಎದುರಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ, ಹಾಲಿನ ಕ್ಯಾನು ತೂಗುಹಾಕಿಕೊಂಡವನು, ಬಸಲಿಂಗಪ್ಪನನ್ನು ನೋಡಿ ಕಾಲು ಊರಿ ನಿಂತ. ಪೇಟೆಯ ಮೂಲೆಯ ಫ್ಲೆಕ್ಸನ್ನು ದಿನವೂ ಎರಡು ಸಲ ಹಾದುಹೋಗಿದ್ದ ಅವನು ಆ ವಾರ್ಡಿನವನೂ ಅಲ್ಲ, ಪೇಪರು ಓದಿದವನೂ ಅಲ್ಲ. ಕೈಯನ್ನು ಹಣೆಗೆ ಹಚ್ಚಿ ಮನಸಾರೆ ಕೂಗಿದ:

"ನಮಸ್ಕಾರ ನಗರಸೇವಕ ಸಾಹೇಬ!"

ಭೂಪಾಲನ ಸ್ಕೂಟರು ಒಮ್ಮೆ ಅತ್ತಿತ್ತ ವಾಲಿತು. ಬಸಲಿಂಗಪ್ಪ ಹಿಡಿಕೆಯಿಂದ ಎರಡೂ ಕೈ ಬಿಟ್ಟು, ಎದೆಗೆ ತಂದು ಜೋಡಿಸಿ, ತಲೆ ಬಾಗಿಸಿದ. ಸೈಕಲ್ಲು ಹಿಂದೆ ಉಳಿದ ಮೇಲೂ ಆ ಕೈಗಳು ಹಾಗೆಯೇ ಇದ್ದವು.

"ಏನೋ ಅದು?" ಅಂದ ಭೂಪಾಲ ಮುಂದಿನಿಂದ. "ಬೀಳ್ತಿ, ಹಿಡ್ಕೊ!"

"ಏನಿಲ್ಲ," ಅಂದ ಬಸಲಿಂಗಪ್ಪ. "ನೀ ಸ್ವಲ್ಪ ಸಾವಕಾಶ ಹೊಡಿ."

ಸೇತುವೆಯ ಆ ತುದಿಯಿಂದ ಇನ್ನೂ ಬಹಳ ಮಂದಿ ಬರುತ್ತಿದ್ದರು.